ತುಳಿದವರ ಪಶ್ಚಾತ್ತಾಪ: ಎಂಡೊ ಅವರ ‘ಮೌನ’, ಜಪಾನಿನ ಗುಪ್ತ ಕ್ರೈಸ್ತರು ಮತ್ತು ಶ್ರೀರಂಗಪಟ್ಟಣದ ಸೆರೆಯಾಳುಗಳು

ಗುರುಮಠದಲ್ಲಿ ಪ್ರಾಯಶ್ಚಿತ್ತ ಸಂಸ್ಕಾರವನ್ನು ಬೋಧಿಸುವಾಗ ನಾವು ಕೆಲವು ವರ್ಷಗಳಿಂದ ಜಪಾನಿನ ಕಥೋಲಿಕ ಲೇಖಕ ಶುಸಾಕು ಎಂಡೊ (1923–1996) ಅವರ ‘ಚಿಮ್ಮೊಕು’ ಕಾದಂಬರಿಯನ್ನು ವಿದ್ಯಾರ್ಥಿಗಳಿಂದ ಓದಿಸುತ್ತ ಬಂದಿದ್ದೇವೆ. ಹೆಸರಿನ ಅರ್ಥ ‘ಮೌನ’. 1966ರಲ್ಲಿ ಪ್ರಕಟವಾದ ಈ ಕೃತಿ ಯೇಸುಸಭೆಯ ವಿಲಿಯಂ ಜಾನ್‌ಸ್ಟನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರಜಗತ್ತಿಗೆ ತಲುಪಿತು. 2016ರಲ್ಲಿ ಮಾರ್ಟಿನ್ ಸ್ಕೊರ್ಸೆಸೆ ಅದನ್ನು ಚಲನಚಿತ್ರವಾಗಿಸಿದ ಮೇಲೆ, ಪುಸ್ತಕ ಓದದ ಸಹೋದರರೂ ಅದರ ಬಗ್ಗೆ ಅಭಿಪ್ರಾಯ ಹೊಂದಿರುವುದನ್ನು ಕಾಣುತ್ತೇವೆ. ಪ್ರತಿ ವರ್ಷವೂ ಚರ್ಚೆ ಬಂದು ನಿಲ್ಲುವುದು ಒಂದೇ ಕಡೆ: ಕ್ರಿಸ್ತನ ಬಿಂಬವನ್ನು ತುಳಿದ ಆ ಯಾಜಕ ಮಾಡಿದ್ದು ಸರಿಯೋ ತಪ್ಪೋ? ತರಗತಿ ಎರಡು ಗುಂಪಾಗುತ್ತದೆ, ಗಂಟೆ ಬಾರಿಸುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ.

ಕಳೆದ ಬೇಸಿಗೆಯ ರಜೆಯಲ್ಲಿ ರಾಜೂರದಲ್ಲಿದ್ದಾಗ ಕಾದಂಬರಿಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದೆವು. ಅದರ ಜೊತೆಗೆ, ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಯಾಜಕ ಅಬ್ಬೆ ದುಬ್ವಾ ಅವರು ಭಾರತದ ಕ್ರೈಸ್ತಧರ್ಮದ ಸ್ಥಿತಿಯ ಕುರಿತು 1823ರಲ್ಲಿ ಪ್ರಕಟಿಸಿದ ಪತ್ರಗಳನ್ನೂ ಇಟ್ಟುಕೊಂಡಿದ್ದೆವು. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಯೋಚನೆ ನಮಗೆ ಮೊದಲು ಇರಲಿಲ್ಲ. ಓದಿ ಮುಗಿದಾಗ ನಮ್ಮ ತರಗತಿಯ ಪ್ರಶ್ನೆಯೇ ಸಂಕುಚಿತವಾಗಿತ್ತೆಂದು ತೋರಿತು. ತುಳಿದದ್ದು ಸರಿಯೋ ತಪ್ಪೋ ಎಂಬುದರ ಮೇಲೆ ನಾವು ವರ್ಷಗಟ್ಟಲೆ ವಾದಿಸಿದ್ದೇವೆ. ತುಳಿದ ಮೇಲೆ ಜನ ಮನೆಗೆ ಹೋಗಿ ಏನು ಮಾಡಿದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಎಂಡೊ ಅವರ ಕಾದಂಬರಿಯ ದೊಡ್ಡ ಗುಣವೂ ಅದರ ದೊಡ್ಡ ಕೊರತೆಯೂ ಈ ಪ್ರಶ್ನೆಯ ಸುತ್ತಲೇ ಇದೆ ಎಂಬುದು ಈಗ ನಮ್ಮ ಅಭಿಪ್ರಾಯ.

ಕಥೆಯನ್ನು ಅರಿಯದವರಿಗಾಗಿ ಅದರ ಹಂದರವನ್ನಷ್ಟು ಹೇಳಬೇಕು. ಜಪಾನಿನಲ್ಲಿ ಯೇಸುಸಭೆಯ ಹಿರಿಯರಾಗಿದ್ದ ಕ್ರಿಸ್ತೊವಾವ್ ಫೆರೇರ ವಿಶ್ವಾಸವನ್ನು ತ್ಯಜಿಸಿದರೆಂಬ ಸುದ್ದಿ ಯೂರೋಪಿಗೆ ಮುಟ್ಟುತ್ತದೆ. ಅದನ್ನು ನಂಬಲಾಗದ ಅವರ ಶಿಷ್ಯ ರೋಡ್ರಿಗಸ್ ಸಂಗಡಿಗನೊಬ್ಬನೊಂದಿಗೆ ಗುಟ್ಟಾಗಿ ಜಪಾನಿಗೆ ಬರುತ್ತಾನೆ. ಅಡಗಿ ಬದುಕುವ ಹಳ್ಳಿಗರಿಗೆ ಸಂಸ್ಕಾರಗಳನ್ನು ನೀಡುತ್ತಾನೆ. ಅವನಿಗಾಗಿ ಹಳ್ಳಿಗರು ಸಮುದ್ರದ ಉಬ್ಬರಕ್ಕೆ ಬಲಿಯಾಗುತ್ತಾರೆ. ಕಿಚಿಜಿರೊ ಎಂಬ ಕುಡುಕ, ಹೇಡಿ, ಅವನನ್ನು ಹಿಡಿದುಕೊಡುತ್ತಾನೆ. ಕೊನೆಗೆ ನಾಗಸಾಕಿಯ ಸೆರೆಯಲ್ಲಿ ಒಂದು ರಾತ್ರಿ ಯಾರದೋ ಗೊರಕೆಯೆಂದು ಅವನು ತಿಳಿದ ಸದ್ದು, ಹೊಂಡದಲ್ಲಿ ತಲೆಕೆಳಗಾಗಿ ತೂಗುಹಾಕಲ್ಪಟ್ಟ ರೈತರ ನರಳಾಟವೆಂದು ತಿಳಿಯುತ್ತದೆ. ಅವರು ಆಗಲೇ ವಿಶ್ವಾಸವನ್ನು ನಿರಾಕರಿಸಿಯಾಗಿದೆ; ಯಾಜಕನು ತುಳಿಯುವವರೆಗೆ ಅವರಿಗೆ ಬಿಡುಗಡೆಯಿಲ್ಲ. ಬಿಂಬದಲ್ಲಿರುವ ಕ್ರಿಸ್ತನೇ ತುಳಿಯೆಂದು ಹೇಳಿದಂತೆ ಅವನಿಗೆ ಕೇಳಿಸುತ್ತದೆ. ಅವನು ತುಳಿಯುತ್ತಾನೆ. ದೂರದಲ್ಲಿ ಕೋಳಿ ಕೂಗುತ್ತದೆ.

ಇದರಲ್ಲಿ ಇತಿಹಾಸವೆಷ್ಟು? ಬೇಕಾದಷ್ಟಿದೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು ಕಾಗೊಶಿಮಾದಲ್ಲಿ ಇಳಿದದ್ದು 1549ರ ಆಗಸ್ಟ್ 15ರಂದು. ಅವರ ಜೊತೆಗಿದ್ದ ಜಪಾನೀಯ ಆಂಜಿರೊ ಹಿಂದಿನ ವರ್ಷ ನಮ್ಮ ನೆರೆಯ ಗೋವಾದಲ್ಲಿ ದೀಕ್ಷಾಸ್ನಾನ ಪಡೆದಿದ್ದ. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿದ 26 ಜನರಲ್ಲಿ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಒಬ್ಬರು. 1614ರಲ್ಲಿ ತೊಕುಗಾವ ಆಡಳಿತ ಕ್ರೈಸ್ತಧರ್ಮವನ್ನು ಇಡೀ ದೇಶದಲ್ಲಿ ನಿಷೇಧಿಸಿತು. ಫೆರೇರ ನಿಜವಾದ ವ್ಯಕ್ತಿ. 1633ರ ಅಕ್ಟೋಬರಿನಲ್ಲಿ ಹೊಂಡದ ಮೇಲೆ ತೂಗಿದ ಕೆಲವೇ ತಾಸುಗಳಲ್ಲಿ ಅವರು ಸೋತರು. ರೋಡ್ರಿಗಸ್‌ನ ಹಿಂದೆ ಜುಸೆಪ್ಪೆ ಕಿಯಾರ ಎಂಬ ಇಟಲಿಯ ಯೇಸುಸಭೆಯ ಯಾಜಕರ ಬದುಕಿದೆ.

ಆದರೆ ಅದೇ ಅಕ್ಟೋಬರಿನಲ್ಲಿ, ಅದೇ ನಾಗಸಾಕಿಯಲ್ಲಿ, ಫೆರೇರ ಅವರ ಜೊತೆಗೇ ತೂಗುಹಾಕಲ್ಪಟ್ಟ ಇನ್ನೊಬ್ಬ ಯಾಜಕರಿದ್ದರು: ನಾಕೌರ ಜೂಲಿಯಾನ್. ಬಾಲಕರಾಗಿದ್ದಾಗ 1582ರಲ್ಲಿ ಹೊರಟ ಜಪಾನಿನ ನಿಯೋಗದೊಂದಿಗೆ ಗೋವಾದ ಮೂಲಕ ರೋಮಿಗೆ ಹೋಗಿ ಪೋಪ್ 13ನೆಯ ಗ್ರೆಗರಿಯವರನ್ನು ಕಂಡುಬಂದವರು. ಹೊಂಡದಲ್ಲಿ ಮೂರು ದಿನಗಳವರೆಗೆ ತಡೆದು ಪ್ರಾಣಬಿಟ್ಟರು. 2008ರಲ್ಲಿ ನಾಗಸಾಕಿಯಲ್ಲಿ ಪುನೀತರೆಂದು ಘೋಷಿತರಾದ 188 ರಕ್ತಸಾಕ್ಷಿಗಳಲ್ಲಿ ಅವರೂ ಒಬ್ಬರು. ಕಾದಂಬರಿ ಫೆರೇರನ ಬೆನ್ನುಹತ್ತುತ್ತದೆ, ಜೂಲಿಯಾನ್ ಅದರ ಕಥೆಯ ನಡುವೆ ಬರುವುದಿಲ್ಲ. ಇದನ್ನು ಆರೋಪವಾಗಿ ಹೇಳುತ್ತಿಲ್ಲ. ರಕ್ತಸಾಕ್ಷಿಗಳ ಹೆಸರನ್ನು ಧರ್ಮಸಭೆ ಬರೆದಿಟ್ಟುಕೊಳ್ಳುತ್ತದೆ, ಸೋತವರ ಹೆಸರನ್ನು ಯಾರೂ ಬರೆಯುವುದಿಲ್ಲ. ಆ ದುರ್ಬಲರಿಗೆ ದನಿ ಕೊಡಲು ಎಂಡೊ ಹೊರಟರು, ಅದು ಅವರ ಹಕ್ಕು. ಇಪ್ಪತ್ತನೆಯ ಶತಮಾನದ ಕಥೋಲಿಕ ಸಾಹಿತ್ಯದಲ್ಲಿ ಕಿಚಿಜಿರೊನಷ್ಟು ನಮಗೆ ಹತ್ತಿರದವನೆನಿಸುವ ಪಾತ್ರ ಇನ್ನೊಂದಿದೆಯೇ ಎಂಬುದು ನಮಗೆ ಸಂಶಯ. ಎಂಡೊ ಅವರ ತಪ್ಪು, ನಮ್ಮ ತಿಳಿವಿಗೆ ಬಂದಂತೆ, ಬೇರೆಡೆ ಇದೆ.

ಕೋಳಿ ಕೂಗುವ ಆ ಸಾಲಿಗೇ ಹಿಂದಿರುಗೋಣ. ಪೇತ್ರನ ನಿರಾಕರಣೆಯನ್ನು ನೆನಪಿಸಲೆಂದೇ ಲೇಖಕರು ಅದನ್ನು ಇಟ್ಟಿದ್ದಾರೆ, ಅಷ್ಟು ಸ್ಪಷ್ಟ. ತುಳಿದದ್ದು ಶುದ್ಧ ಪ್ರೀತಿಯ ಕಾರ್ಯವೆಂದು ಹೊಗಳುವ ಓದುಗರು ಈ ಕೋಳಿಯನ್ನು ಮರೆಯುತ್ತಾರೆ. ಆದರೆ ಶುಭಸಂದೇಶದಲ್ಲಿ ಕೋಳಿಯ ಕೂಗಿಗೆ ಕಥೆ ಮುಗಿಯುವುದಿಲ್ಲ. ಪ್ರಭು ತಿರುಗಿ ನೋಡುತ್ತಾರೆ. ಪೇತ್ರ ಹೊರಗೆ ಹೋಗಿ ಅಳುತ್ತಾನೆ. ಎಂಡೊ ಅವರಲ್ಲಿ ನೋಟವಿದೆ, ಬಿಂಬದ ಕಣ್ಣುಗಳಿಗೆ ಅವರು ಪುಟಗಟ್ಟಲೆ ಕೊಟ್ಟಿದ್ದಾರೆ. ಅಳು ಆ ಜಾಗದಲ್ಲಿ ಇಲ್ಲ. ಅಳುವಿನ ಬದಲು ರೋಡ್ರಿಗಸ್‌ಗೆ ಒಂದು ವಿವರಣೆ ದೊರೆಯುತ್ತದೆ: ತಾನು ಪ್ರಭುವಿಗೆ ದ್ರೋಹ ಮಾಡಲಿಲ್ಲ, ಬೇರೆಯೊಂದು ರೀತಿಯಲ್ಲಿ ಪ್ರೀತಿಸುತ್ತಿದ್ದೇನೆ ಎಂಬ ವಿವರಣೆ. ಕ್ರಿಸ್ತನ ಬಾಯಿಂದಲೇ ಅಪ್ಪಣೆ ಹೊರಡಿಸಿದ್ದರಿಂದ ಲೇಖಕರಿಗೆ ಪಶ್ಚಾತ್ತಾಪಕ್ಕೆ ಎಡೆಯೇ ಉಳಿಯಲಿಲ್ಲ. ಅಪ್ಪಣೆಯಂತೆ ನಡೆದವನು ಯಾವುದಕ್ಕಾಗಿ ಅಳಬೇಕು?

ಆ ಕಾಲದ ಜಪಾನಿನ ಕ್ರೈಸ್ತರು ಹಾಗೆ ನಡೆದುಕೊಳ್ಳಲಿಲ್ಲ. ಇದು ತರಗತಿಯಲ್ಲಿ ನಾವು ಹೇಳದೇ ಬಿಟ್ಟಿದ್ದ ಸಂಗತಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

1644ರಲ್ಲಿ ಕೊನೆಯ ಯಾಜಕ ಕೊನಿಶಿ ಮನ್ಶೊ ಸತ್ತ ಮೇಲೆ ಜಪಾನಿನಲ್ಲಿ ವಿಶ್ವಾಸಿಗಳಿಗೆ ಸಂಸ್ಕಾರ ನೀಡುವ ಯಾಜಕರು ಉಳಿಯಲಿಲ್ಲ. ನಾಗಸಾಕಿಯಲ್ಲಿ ಹೊಸ ವರ್ಷದ ಆರಂಭದಲ್ಲಿ ಮನೆಮನೆಯವರೂ ಬಂದು ಕ್ರಿಸ್ತನ ಅಥವಾ ಮರಿಯಮ್ಮನವರ ಬಿಂಬವನ್ನು ತುಳಿದು ತಾವು ಕ್ರೈಸ್ತರಲ್ಲವೆಂದು ತೋರಿಸಬೇಕಿತ್ತು. ‘ಫುಮಿ-ಎ’ ಎಂಬ ಈ ಕ್ರಮ 19ನೆಯ ಶತಮಾನದ ಮಧ್ಯಭಾಗದವರೆಗೆ ನಡೆಯಿತು. ಪ್ರತಿ ಕುಟುಂಬವೂ ಒಂದು ಬೌದ್ಧ ದೇವಾಲಯದ ದಾಖಲೆಯಲ್ಲಿ ಹೆಸರು ಬರೆಸಬೇಕಿತ್ತು. ಹಾಗಾಗಿ ಉರಕಾಮಿ, ಸೊತೊಮೆ, ಗೊತೊ ದ್ವೀಪಗಳ ಸಾವಿರಾರು ಜನ ಕಾಗದದ ಮೇಲೆ ಬೌದ್ಧರು, ವರ್ಷಕ್ಕೊಮ್ಮೆ ತುಳಿಯುವವರು, ರಾತ್ರಿ ಮನೆಯೊಳಗೆ ಕ್ರೈಸ್ತರು. ತಮ್ಮೊಳಗೆ ಅವರು ಹುದ್ದೆಗಳನ್ನು ಮಾಡಿಕೊಂಡಿದ್ದರು. ಹಬ್ಬ, ಉಪವಾಸಗಳ ಪಂಚಾಂಗವನ್ನು ಕಾಯುವವನು ‘ಚೊಕಾತ’, ದೀಕ್ಷಾಸ್ನಾನ ಕೊಡುವವನು ‘ಮಿಜುಕಾತ’, ಮನೆಮನೆಗೆ ಸುದ್ದಿ ಮುಟ್ಟಿಸುವವನು ‘ಕಿಕಿಯಾಕು’. ತಪಸ್ಸುಕಾಲ ಯಾವಾಗ ಆರಂಭ, ಪಾಸ್ಕ ಯಾವಾಗ ಎಂಬುದನ್ನು ಹೇಳಲು ಒಬ್ಬ ರೈತ ಏಳು ತಲೆಮಾರುಗಳವರೆಗೆ ಲೆಕ್ಕ ಇಟ್ಟ. ನಮ್ಮ ಧರ್ಮಕೇಂದ್ರಗಳಲ್ಲಿ ಮುದ್ರಿತ ಪಂಚಾಂಗ ಬರುವುದು ಒಂದು ವಾರ ತಡವಾದರೆ ನಾವು ಪಡುವ ಗಡಿಬಿಡಿ ಇಲ್ಲಿ ನೆನಪಾಗುತ್ತದೆ.

ದೀಕ್ಷಾಸ್ನಾನವನ್ನು ಮಿಜುಕಾತ ಕೊಡಬಹುದಿತ್ತು. ಅಗತ್ಯದ ಸಂದರ್ಭದಲ್ಲಿ ಸರಿಯಾದ ಉದ್ದೇಶವುಳ್ಳ ಯಾರೂ ಕೊಡಬಹುದೆಂಬುದು ಧರ್ಮಸಭೆಯ ಬೋಧನೆ. ಪಾಪನಿವೇದನೆಯನ್ನು ಕೇಳುವವರು ಯಾರು? ಕೊನೆಯ ಕಾಲ ಹತ್ತಿರವಾಗುತ್ತಿದೆ ಎಂದು ಅರಿತವರಂತೆ 1603ರಲ್ಲೇ ಯೇಸುಸಭೆಯವರು ‘ಕೊಂಚಿರಿಸಾನ್ ನೊ ರ್ಯಾಕು’ ಎಂಬ ಚಿಕ್ಕ ಪುಸ್ತಕವನ್ನು ಸಿದ್ಧಪಡಿಸಿದ್ದರು. ‘ಕೊಂಚಿರಿಸಾನ್’ ಎಂದರೆ ಪಶ್ಚಾತ್ತಾಪ, ಪೋರ್ಚುಗೀಸ್ ಪದದ ಜಪಾನೀ ಉಚ್ಚಾರ. ಯಾಜಕರು ಸಿಗದ ಕಡೆ, ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪವು, ಯಾಜಕರು ಸಿಕ್ಕಾಗ ಪಾಪನಿವೇದನೆ ಮಾಡುವ ಸಂಕಲ್ಪದೊಂದಿಗೆ, ಪಾಪಿಯನ್ನು ದೇವರೊಂದಿಗೆ ಸಂಧಾನಗೊಳಿಸುತ್ತದೆ ಎಂಬುದು ಅದರ ಸಾರ. ಟ್ರೆಂಟ್ ಮಹಾಸಭೆ 1551ರಲ್ಲಿ, ತನ್ನ 14ನೆಯ ಅಧಿವೇಶನದಲ್ಲಿ, ಹೇಳಿದ್ದೂ ಇದನ್ನೇ. ಇಲ್ಲಿ ಟ್ರೆಂಟಿನ ಒಂದು ಉಪವಾಕ್ಯ ಕಡಲತೀರದ ಬೆಸ್ತರ ಬಾಯಿಪಾಠವಾಯಿತು. ಫುಮಿ-ಎ ತುಳಿದು ಮನೆಗೆ ಬಂದವರು ಈ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳುತ್ತಿದ್ದರು. ತುಳಿದದ್ದು ಪ್ರೀತಿ ಎಂದು ಅವರು ತಮಗೆ ತಾವು ಹೇಳಿಕೊಳ್ಳಲಿಲ್ಲ. ಪಾಪ ಎಂದು ಕರೆದರು, ಅತ್ತರು, ಮತ್ತು ಮುಂದಿನ ವರ್ಷ ಮತ್ತೆ ತುಳಿಯಬೇಕಾಗುತ್ತದೆಂಬುದನ್ನೂ ಅರಿತಿದ್ದರು.

ಈ ಕೊನೆಯ ಮಾತು ನೀತಿಶಾಸ್ತ್ರದ ಅಧ್ಯಾಪಕರನ್ನು ಕೆಣಕದೇ ಬಿಡದು. ಮತ್ತೆ ಪಾಪ ಮಾಡುವುದಿಲ್ಲವೆಂಬ ದೃಢಸಂಕಲ್ಪವಿಲ್ಲದ ಪಶ್ಚಾತ್ತಾಪ ಪರಿಪೂರ್ಣವೇ? ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಸುಲಭವಲ್ಲ. ಬೆದರಿಕೆಯ ಕೆಳಗೆ ನಡೆದ ಕೃತ್ಯದ ಹೊಣೆಗಾರಿಕೆ ಎಷ್ಟು ಎಂಬುದರಿಂದ ಆರಂಭಿಸಬೇಕು. ಮುಂದೆ ಬೀಳಬಹುದೆಂಬ ಭಯ ಬೇರೆ, ಬೀಳಲು ಒಪ್ಪುವುದು ಬೇರೆ ಎಂಬ ಹಳೆಯ ಭೇದವೂ ಇದೆ. ಆದರೆ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವೆನಿಸುತ್ತದೆ. ಆ ಜನರ ನಡುವೆ ಬಾಸ್ತಿಯಾನ್ ಎಂಬ ಉಪದೇಶಿಯದೆಂದು ಹೇಳುವ ಒಂದು ಭವಿಷ್ಯವಾಣಿ ಉಳಿದುಬಂದಿತ್ತು: ಏಳು ತಲೆಮಾರುಗಳ ನಂತರ ದೊಡ್ಡ ಹಡಗಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುತ್ತಾರೆ, ಆಗ ವಾರವಾರವೂ ಪಾಪನಿವೇದನೆ ಮಾಡಬಹುದು. ಹಸಿವು, ತೆರಿಗೆ, ಸೆರೆಗಳ ನಡುವೆ ಬದುಕಿದ ಜನ ಮುಂದಿನ ಒಳ್ಳೆಯ ಕಾಲವನ್ನು ನೆನೆದಾಗ ಬಯಸಿದ ಸುಖ ಇದು. ಸಂಸ್ಕಾರದ ಹಂಬಲ ಎಂದು ದೈವಶಾಸ್ತ್ರ ಕರೆಯುವುದನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವ ಉದಾಹರಣೆ ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ.

1865ರ ಮಾರ್ಚ್ 17ರಂದು ನಾಗಸಾಕಿಯ ಓಉರಾ ದೇವಾಲಯದಲ್ಲಿ ಪ್ಯಾರಿಸ್ ವಿದೇಶ ಧರ್ಮಪ್ರಚಾರ ಸಂಸ್ಥೆಯ ಯಾಜಕ ಬರ್ನಾರ್ ಪೆತಿಜಾನ್ ಅವರ ಎದುರು ಉರಕಾಮಿಯ ಹತ್ತು ಹದಿನೈದು ಜನ ಬಂದು ನಿಂತರು. ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಒಬ್ಬ ಮಹಿಳೆ ಪಿಸುಗುಟ್ಟಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಪ್ರಸಂಗವೇನೋ ಎಲ್ಲರಿಗೂ ಗೊತ್ತು, ಪ್ರಸಂಗಪೀಠಗಳಿಂದ ಆಗಾಗ ಕೇಳುತ್ತೇವೆ. ಆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ ಎಂಬುದನ್ನು ಪ್ರಸಂಗಗಳು ಹೇಳುವುದು ಕಡಿಮೆ. ಬಹಿರಂಗವಾಗಿ ತಮ್ಮನ್ನು ಕ್ರೈಸ್ತರೆಂದು ಕರೆದುಕೊಂಡ ಉರಕಾಮಿಯ 3,400ರಷ್ಟು ಜನರನ್ನು 1868ರಿಂದ ದೇಶದ ಬೇರೆಬೇರೆ ಭಾಗಗಳಿಗೆ ಗಡೀಪಾರು ಮಾಡಲಾಯಿತು. 600ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ವರ್ಷವರ್ಷವೂ ತುಳಿದವರ ಮಕ್ಕಳು ಇವರು. 1873ರಲ್ಲಿ ನಿಷೇಧದ ಫಲಕಗಳು ಇಳಿದವು.

ಪೆತಿಜಾನ್ ಅವರಿಗಿಂತ 66 ವರ್ಷ ಮೊದಲು, ಅದೇ ಸಂಸ್ಥೆಯ ಇನ್ನೊಬ್ಬ ಯಾಜಕರ ಎದುರು ನಮ್ಮ ನಾಡಿನಲ್ಲಿಯೂ ಇಂಥದೇ ಜನ ಬಂದು ನಿಂತಿದ್ದರು. ದುಬ್ವಾ ಅವರ ಪತ್ರಗಳನ್ನು ಕಾದಂಬರಿಯ ಪಕ್ಕಕ್ಕೆ ತಂದದ್ದು ಈ ಕಾರಣಕ್ಕೆ.

1784ರ ಫೆಬ್ರವರಿ, ಬೂದಿ ಬುಧವಾರ. ಕೆನರಾ ಸೀಮೆಯ ಕಥೋಲಿಕರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. ಆ ಕಾಲದಲ್ಲಿ ಮೈಸೂರಿನಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ 30,000 ಎನ್ನುತ್ತಾನೆ, ದುಬ್ವಾ 60,000 ಎನ್ನುತ್ತಾರೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಪುರುಷರಿಗೆ ಬಲವಂತದ ಸುನ್ನತಿಯಾಯಿತು. ಯಾಜಕರನ್ನು ಹೊರಗಟ್ಟಲಾಗಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬೀಳುವವರೆಗೆ, 15 ವರ್ಷ, ಅವರ ಸ್ಥಿತಿ ಹೀಗೆ. ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಆಶ್ರಯ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಮೂಲ 1792ರದು. ಟಿಪ್ಪುವಿನ ಹೆಸರೆತ್ತಿದರೆ ಇಂದು ವಾದಕ್ಕೆ ಎರಡು ಪಕ್ಷಗಳು ಸಿದ್ಧವಾಗಿರುತ್ತವೆ. ನಾವು ಬರೆಯುತ್ತಿರುವುದು ಅವುಗಳಿಗಾಗಿ ಅಲ್ಲ. ರಾಜೂರದಿಂದ ಹತ್ತಿರದಲ್ಲೇ ಇರುವ ಗಜೇಂದ್ರಗಡದಲ್ಲಿ 1787ರಲ್ಲಿ ಮರಾಠರೂ ಟಿಪ್ಪುವೂ ಒಪ್ಪಂದ ಮಾಡಿಕೊಂಡು ತಮ್ಮ ಯುದ್ಧವನ್ನು ಮುಗಿಸಿದರು ಎಂಬುದನ್ನು ಇಲ್ಲಿನ ಮಕ್ಕಳೂ ಶಾಲೆಯಲ್ಲಿ ಕಲಿಯುತ್ತಾರೆ. ಆ ಹೊತ್ತಿಗೆ ಕೆನರಾದವರ ಸೆರೆಗೆ ಮೂರು ವರ್ಷ ಕಳೆದಿತ್ತು. ಕೋಟೆಯ ಗುಡ್ಡವನ್ನು ನೋಡುತ್ತ ನಾವು ಯೋಚಿಸಿದ್ದು ಇಷ್ಟೇ: ಬೂದಿ ಬುಧವಾರದ ಆ ಬೂದಿ ಹಣೆಯಿಂದ ಅಳಿದ ಮೇಲೆ, ಯಾಜಕರಿಲ್ಲದ ಆ ತಪಸ್ಸುಕಾಲಗಳನ್ನು ಅವರು ಹೇಗೆ ಕಳೆದಿರಬೇಕು?

ಕೋಟೆ ಬಿದ್ದ ಮೇಲೆ ಅವರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಳ್ಳಲು ಬಂದವರು ಅಬ್ಬೆ ದುಬ್ವಾ. 1792ರಲ್ಲಿ ಭಾರತಕ್ಕೆ ಬಂದ ಇವರು ಹಿಂದೂ ಜನರ ಆಚಾರವಿಚಾರಗಳ ಕುರಿತ ಗ್ರಂಥದಿಂದ ಪ್ರಸಿದ್ಧರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಊರೂರು ತಿರುಗಿದವರು. ಜನ ಇವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಶ್ರೀರಂಗಪಟ್ಟಣದ ಸೆರೆಯಾಳುಗಳ ಬಗ್ಗೆ ಅವರು ಬರೆದ ಪುಟಗಳು ಕಠಿಣವಾಗಿವೆ. ಅಷ್ಟು ಸಾವಿರ ಜನರಲ್ಲಿ ಒಬ್ಬರೂ ವಿಶ್ವಾಸಕ್ಕಾಗಿ ಎದ್ದು ನಿಲ್ಲಲಿಲ್ಲ, ಒಬ್ಬರೂ ರಕ್ತಸಾಕ್ಷಿಯಾಗಲಿಲ್ಲ ಎಂದು ಅವರು ನಾಚಿಕೆಪಡುತ್ತಾರೆ. ಅದೇ ಪುಟದಲ್ಲಿ, ಹೆಚ್ಚು ಮಹತ್ವ ಕೊಡದೆ, ಇನ್ನೊಂದು ಸಂಗತಿಯನ್ನೂ ದಾಖಲಿಸುತ್ತಾರೆ: ಸುಲ್ತಾನ ಬಿದ್ದ ಮೇಲೆ ಅವರಲ್ಲಿ ಹೆಚ್ಚಿನವರು ಸಂಧಾನ ಬೇಡಿ ಮರಳಿ ಬಂದರು, ತಮ್ಮ ತ್ಯಾಗ ಹೊರಗಿನದು ಮಾತ್ರ, ಕ್ರಿಸ್ತನಲ್ಲಿ ವಿಶ್ವಾಸವನ್ನು ಒಳಗೆ ಕಾದುಕೊಂಡಿದ್ದೆವು ಎಂದರು, ಸುಮಾರು 2,000 ಜನ ತಮ್ಮ ಬಳಿಗೇ ಬಂದರು.

ದುಬ್ವಾ ಈ ಮಾತನ್ನು ನೆಪವೆಂದು ಓದಿದಂತಿದೆ. ಪೆತಿಜಾನ್ ಅಂಥದೇ ಮಾತನ್ನು ಪವಾಡವೆಂದು ಓದಿದರು. ಸಂಸ್ಥೆ ಒಂದೇ, ದೀಕ್ಷೆ ಒಂದೇ, ಬಂದು ನಿಂತವರ ಮಾತೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸಕ್ಕೆ ಕಾರಣಗಳನ್ನು ಹುಡುಕಬಹುದು. ಉರಕಾಮಿಯಲ್ಲಿ ಏಳು ತಲೆಮಾರು ಕಳೆದಿತ್ತು, ತುಳಿದವರ ಮೊಮ್ಮಕ್ಕಳು ಬಂದರು. ಶ್ರೀರಂಗಪಟ್ಟಣದಲ್ಲಿ ಸೋತವರೇ ಬಂದರು, ಅವರ ಮೈಮೇಲೆ ಗುರುತಿತ್ತು. ಉರಕಾಮಿಯಲ್ಲಿ ಪ್ರಾರ್ಥನೆ, ಪಂಚಾಂಗ, ಹುದ್ದೆಗಳ ಸಾಕ್ಷ್ಯವಿತ್ತು. ಇವೆಲ್ಲ ಸರಿ. ಆದರೂ ದುಬ್ವಾ ಅವರ ಪುಟ ಓದುವಾಗ ಒಂದು ಸಂಶಯ ಕಾಡುತ್ತದೆ. ಸೆರೆಯ ವರ್ಷಗಳಲ್ಲಿ ಅವರು ಆ ಜನರ ನಡುವೆ ಇರಲಿಲ್ಲ. ಯಾರೂ ಎದ್ದು ನಿಲ್ಲಲಿಲ್ಲ ಎಂಬುದು ಅವರು ಕಂಡದ್ದಲ್ಲ. ದಾರಿಯಲ್ಲಿ ಸತ್ತವರು ಬಂದು ತಮ್ಮ ಕಥೆ ಹೇಳುವುದೂ ಸಾಧ್ಯವಿರಲಿಲ್ಲ. ಅವರು ಕಣ್ಣಾರೆ ಕಂಡದ್ದು ಮರಳಿ ಬಂದವರನ್ನು. ಕಂಡದ್ದಕ್ಕಿಂತ ಕಾಣದ್ದರ ಮೇಲೆ ತೀರ್ಪು ಗಟ್ಟಿಯಾಯಿತು.

ಆ ತೀರ್ಪಿನ ಮೇಲೆ ಅವರು ಇನ್ನೂ ದೊಡ್ಡದೊಂದನ್ನು ಕಟ್ಟಿದರು. ಭಾರತದಲ್ಲಿ ಮೂರು ದಶಕ ದುಡಿದು 1823ರಲ್ಲಿ ಯೂರೋಪಿಗೆ ಮರಳಿದ ದುಬ್ವಾ, ಈ ನೆಲದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯೇ ಇಲ್ಲವೆಂದು ಆ ಪತ್ರಗಳಲ್ಲಿ ವಾದಿಸಿದರು. ‘ಮೌನ’ದ ಫೆರೇರ ರೋಡ್ರಿಗಸ್‌ಗೆ ಹೇಳುವುದೂ ಇದನ್ನೇ: ಜಪಾನ್ ಒಂದು ಜವುಗು ನೆಲ, ಯಾವ ಸಸಿ ನೆಟ್ಟರೂ ಬೇರು ಕೊಳೆಯುತ್ತದೆ, ಇಲ್ಲಿಯವರು ನಂಬಿದ್ದು ನಮ್ಮ ದೇವರನ್ನಲ್ಲ. ಸೋತ ಪ್ರಚಾರಕನ ಬಾಯಲ್ಲಿ ನೆಲವೇ ತಪ್ಪಿತಸ್ಥನಾಗುವುದನ್ನು ಎಂಡೊ ಚೆನ್ನಾಗಿ ಹಿಡಿದಿದ್ದಾರೆ. ಆದರೆ ಕಾದಂಬರಿ ಆ ವಾದಕ್ಕೆ ತಕ್ಕ ಉತ್ತರ ಕೊಡುವುದಿಲ್ಲ, ಓದುಗರಲ್ಲಿ ಅನೇಕರು ಅದನ್ನು ಲೇಖಕರ ಮಾತೆಂದೇ ಸ್ವೀಕರಿಸಿದ್ದಾರೆ. ಫೆರೇರನ ಒಂದು ಮುಖ್ಯ ಸಾಕ್ಷ್ಯವನ್ನೇ ನೋಡಿ. ಆರಂಭದಲ್ಲಿ ಕ್ಸೇವಿಯರ್ ದೇವರಿಗೆ ‘ದೈನಿಚಿ’ ಎಂಬ ಬೌದ್ಧ ಪದವನ್ನು ಬಳಸಿದ್ದರಿಂದ ಜನ ಮಹಾಸೂರ್ಯನನ್ನೇ ಪೂಜಿಸುತ್ತ ಉಳಿದರು ಎನ್ನುತ್ತಾನೆ. ಕ್ಸೇವಿಯರ್ ಆ ಪದದ ತೊಡಕನ್ನು ಅರಿತು 1551ರೊಳಗೇ ಅದನ್ನು ಕೈಬಿಟ್ಟರು, ‘ದೇಉಸು’ ಎಂದು ಬೋಧಿಸತೊಡಗಿದರು. ಎರಡು ವರ್ಷದ ತಪ್ಪಿನ ಮೇಲೆ ಶತಮಾನದ ವಿಶ್ವಾಸವನ್ನು ಅಲ್ಲಗಳೆಯಲಾಗದು. ಪದ ಎರವಲಾದರೆ ವಿಶ್ವಾಸವೂ ಸುಳ್ಳಾಗುವುದಿದ್ದರೆ ನಮ್ಮ ಗತಿಯೇನು? ನಾವು ಕನ್ನಡ ಬೈಬಲಿನಲ್ಲಿ ‘ಸರ್ವೇಶ್ವರ’ ಎನ್ನುತ್ತೇವೆ. ಗಜೇಂದ್ರಗಡದ ಗುಡ್ಡದಲ್ಲಿ ಕಾಲಕಾಲೇಶ್ವರನಿದ್ದಾನೆ. ಒಂದೇ ‘ಈಶ್ವರ’ ಶಬ್ದ ಎರಡು ಕಡೆ ಬಂದುದರಿಂದ ನಮ್ಮ ಜನ ಗೊಂದಲಗೊಂಡದ್ದನ್ನು ನಾವಂತೂ ಕಂಡಿಲ್ಲ. ಜವುಗು ಎಂದು ಕರೆದ ನೆಲದಲ್ಲೇ ಎರಡು ಶತಮಾನ ಬೇರು ಉಳಿದಿತ್ತೆಂಬುದನ್ನು 1865 ತೋರಿಸಿತು. 1966ರಲ್ಲಿ ಬರೆದ ಎಂಡೊ ಅವರಿಗೆ ಅದು ಗೊತ್ತಿತ್ತು. ಕಥೆಯ ಕಾಲದ ಆಚೆಯದೆಂದು ಹೊರಗಿಟ್ಟರು.

ಹಾಗಾದರೆ ಕಾದಂಬರಿಯಲ್ಲಿ ಪಶ್ಚಾತ್ತಾಪಿ ಯಾರೂ ಇಲ್ಲವೇ? ಇದ್ದಾನೆ. ನಾವು ವರ್ಷಗಟ್ಟಲೆ ಅವನನ್ನು ದಾಟಿಕೊಂಡು ಓದಿದ್ದೆವು. ಕಿಚಿಜಿರೊ ತುಳಿಯುತ್ತಾನೆ, ಉಗುಳುತ್ತಾನೆ, ಮಾರುತ್ತಾನೆ. ಪ್ರತಿ ಸಲವೂ ನಾಯಿಯಂತೆ ಹಿಂಬಾಲಿಸಿ ಬಂದು ಪಾಪನಿವೇದನೆ ಕೇಳಿ ಎಂದು ಗೋಗರೆಯುತ್ತಾನೆ. ರೋಡ್ರಿಗಸ್‌ಗೆ ಅವನೆಂದರೆ ಹೇಸಿಗೆ. ಕಥೆಯ ಕೊನೆಗೆ ಇಬ್ಬರೂ ತುಳಿದವರಾದ ಮೇಲೆ ಅವನು ಮತ್ತೆ ಬರುತ್ತಾನೆ, ರೋಡ್ರಿಗಸ್ ಅವನಿಗೆ ಯಾಜಕನೊಬ್ಬನೇ ನೀಡಬಲ್ಲ ಆ ಸಂಸ್ಕಾರವನ್ನು ನೀಡುತ್ತಾನೆ. ಅದರ ಸಿಂಧುತ್ವದ ಬಗ್ಗೆ ಧರ್ಮಸಭೆಯ ಕಾನೂನು ಬಲ್ಲವರು ವಾದಿಸಲಿ. ಮರಣದ ಅಪಾಯದಲ್ಲಿರುವವನನ್ನು ಯಾವ ಯಾಜಕನೂ ವಿಮೋಚಿಸಬಹುದೆಂಬ ನಿಯಮ ಇಲ್ಲಿಗೆ ಎಷ್ಟು ಅನ್ವಯವೆಂಬುದು ಒಳ್ಳೆಯ ಪರೀಕ್ಷಾಪ್ರಶ್ನೆಯಾದೀತು. ನಾವು ಗಮನಿಸಿದ್ದು ಬೇರೆ. ಆಗ ಕಿಚಿಜಿರೊ ಮೆಲ್ಲನೆ ಅಳುತ್ತಾನೆ. ಕೋಳಿ ಕೂಗಿದಾಗ ಯಾಜಕನಿಂದ ಬಾರದ ಪೇತ್ರನ ಕಣ್ಣೀರು ಕಥೆಯಲ್ಲಿ ಕಡೆಗೂ ಬರುತ್ತದೆ, ಈ ಹೇಡಿಯಿಂದ. ಅನುಬಂಧವಾಗಿ ಬರುವ ಕಾವಲು ಅಧಿಕಾರಿಯ ದಿನಚರಿಯನ್ನು ಬೇಸರದಿಂದ ಬಿಟ್ಟುಬಿಡುವವರೇ ಹೆಚ್ಚು. ಅದರಲ್ಲಿ ಕಿಚಿಜಿರೊನ ತಾಯಿತದ ಚೀಲದಲ್ಲಿ ಕ್ರೈಸ್ತರ ಪವಿತ್ರ ವಸ್ತುವೊಂದು ಸಿಕ್ಕಿದ ವಿಷಯ ಒಣ ಕಚೇರಿ ಭಾಷೆಯಲ್ಲಿ ದಾಖಲಾಗಿದೆ.

ಎಂಡೊ ಕ್ರಿಸ್ತನ ಅಪ್ಪಣೆಯಿಂದ ಯಾಜಕನನ್ನು ಬಿಡಿಸಿದರು. ದುಬ್ವಾ ಜನರನ್ನು ತೀರ್ಪಿನಲ್ಲಿ ಕಟ್ಟಿಹಾಕಿದರು. ಒಂದು ಮೃದು, ಇನ್ನೊಂದು ಕಠಿಣ. ಎರಡರಲ್ಲೂ ಸಂಸ್ಕಾರಕ್ಕೆ ಕೆಲಸವಿಲ್ಲ. ಮೂರನೆಯ ಶತಮಾನದಲ್ಲಿ ದೇಸಿಯಸ್‌ನ ಹಿಂಸೆಯ ಕಾಲಕ್ಕೆ ಬಲಿ ಅರ್ಪಿಸಿದವರೂ, ಅರ್ಪಿಸದೆ ಲಂಚ ಕೊಟ್ಟು ಪ್ರಮಾಣಪತ್ರ ಪಡೆದವರೂ ಮರಳಿ ಬಂದಾಗ ಕಾರ್ತೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ತಕ್ಷಣದ ಕ್ಷಮೆಯನ್ನೂ ಒಪ್ಪಲಿಲ್ಲ, ಶಾಶ್ವತ ಬಹಿಷ್ಕಾರವನ್ನೂ ಒಪ್ಪಲಿಲ್ಲ. ಒಬ್ಬೊಬ್ಬರ ಪರಿಸ್ಥಿತಿಯನ್ನು ವಿಚಾರಿಸಿ ಪ್ರಾಯಶ್ಚಿತ್ತದ ದಾರಿ ತೆರೆದರು. ಅವರೂ ಹಿಂಸೆಯ ದಿನಗಳಲ್ಲಿ ಅಡಗಿದ್ದವರು ಎಂಬುದನ್ನು ಮರೆಯಬಾರದು.

ಪ್ರಮಾಣಪತ್ರವೆಂದೆವು. ಈ ಪತ್ರಿಕೆಯ ವಾಚಕರಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸೇವೆ ಮಾಡುವವರಿಗೆ ಮುಂದಿನ ಮಾತು ಹೊಸದಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಇದೆ. ಕ್ರೈಸ್ತನಾದ ದಲಿತನಿಗೆ ಇಲ್ಲ. ಹೀಗಾಗಿ ನಮ್ಮ ಜನರಲ್ಲಿ ಅನೇಕರಿಗೆ ಎರಡು ಹೆಸರು: ಶಾಲೆಯ ದಾಖಲೆಯಲ್ಲಿ ಒಂದು, ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು. ಇದು ಹೊಂಡದ ಹಿಂಸೆಯಲ್ಲ; ಹೋಲಿಕೆಯನ್ನು ಎಳೆದು ಹರಿಯಬಾರದು. ಬೌದ್ಧ ದೇವಾಲಯದ ದಾಖಲೆಯಲ್ಲಿ ಹೆಸರು ಬರೆಸಿದ ಉರಕಾಮಿಯ ರೈತನ ನೆನಪಾದರೂ ಆಗಬೇಕು. ನಾವು ಯುವ ಯಾಜಕರಾಗಿದ್ದಾಗ ಒಂದು ಹಳ್ಳಿಯಲ್ಲಿ ಮದುವೆಯ ವಿಚಾರಣೆಗೆ ಕುಳಿತಿದ್ದೆವು. ವರನ ತಾಯಿ ಮಗನ ಶಾಲಾ ಪ್ರಮಾಣಪತ್ರವನ್ನು ಸೆರಗಿನಡಿ ಹಿಡಿದುಕೊಂಡೇ ಇದ್ದರು, ತೋರಿಸಲೊಲ್ಲರು. ಕೊನೆಗೆ ಮೇಜಿನ ಮೇಲಿಟ್ಟು, “ಸ್ವಾಮಿ, ಇದರಾಗ ನಮ್ಮ ಹೆಸರು ಬ್ಯಾರೆ ಐತ್ರಿ. ದೇವರ ಮುಂದ ಮಾತ್ರ ಬ್ಯಾರೆ ಇಲ್ರಿ” ಎಂದರು. ನಾವು ಆಗ ಕೊಟ್ಟದ್ದು ಸತ್ಯವನ್ನು ಕುರಿತ ಒಂದು ಉಪದೇಶ. ಅದರಲ್ಲಿ ತಪ್ಪು ಮಾತೊಂದೂ ಇರಲಿಲ್ಲ. ಆ ತಾಯಿ ತಲೆತಗ್ಗಿಸಿ ಕೇಳಿಸಿಕೊಂಡರು. ರಾಜೂರದಲ್ಲಿ ದುಬ್ವಾ ಅವರ ಪುಟ ಓದುವಾಗ ನೆನಪಾದದ್ದು ಆ ತಗ್ಗಿದ ತಲೆ.

1873ರ ನಂತರವೂ ಎಲ್ಲ ಗುಪ್ತ ಕ್ರೈಸ್ತರು ಮರಳಲಿಲ್ಲ. ಸಾವಿರಾರು ಜನ ಪೂರ್ವಜರಿಂದ ಬಂದ ಪ್ರಾರ್ಥನೆ, ಆಚರಣೆಗಳನ್ನೇ ಹಿಡಿದು ಧರ್ಮಸಭೆಯ ಹೊರಗೇ ಉಳಿದರು. ಇಕಿತ್ಸುಕಿ ದ್ವೀಪದಲ್ಲಿ ಲ್ಯಾಟಿನ್, ಪೋರ್ಚುಗೀಸ್ ಪದಗಳು ಸವೆದು ಉಳಿದಿರುವ ‘ಒರಾಶೊ’ ಪ್ರಾರ್ಥನೆಗಳನ್ನು ಕೇಳಬಹುದು. ಅವರನ್ನು ಏನೆಂದು ಕರೆಯಬೇಕೆಂಬುದಕ್ಕೆ ನಮ್ಮ ವರ್ಗೀಕರಣಗಳು ಸಾಲುವುದಿಲ್ಲ. ಅದು ಇನ್ನೊಂದು ಲೇಖನದ ವಿಷಯ. ಬರುವ ಶೈಕ್ಷಣಿಕ ವರ್ಷದಲ್ಲಿ ‘ಮೌನ’ವನ್ನು ಮತ್ತೆ ಓದಿಸಲಿದ್ದೇವೆ. ಈ ಸಲ ಅದರ ಜೊತೆ ದುಬ್ವಾ ಅವರ ಆ ಪುಟಗಳೂ ಟ್ರೆಂಟಿನ 14ನೆಯ ಅಧಿವೇಶನವೂ ಇರುತ್ತವೆ. ವಿದ್ಯಾರ್ಥಿಗಳು ಅನುಬಂಧದಿಂದ ಓದಲು ಆರಂಭಿಸಬೇಕೆಂದು ಹೇಳಲಿದ್ದೇವೆ.